ಬೋರ್ ಆದದ್ದು ಯಾರಿಗೆ? ಇಂಗ್ಲಿಷ್ ಗುಣವಾಚಕಗಳ ಬಾಲ ಹಿಡಿದು

ಕೆಲಸದ ಇಂಟರ್‌ವ್ಯೂಗೆ ಕೂತ ಹುಡುಗ 'ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್' ಅನ್ನುತ್ತಾನೆ. ಅವನು ಹೇಳಹೊರಟದ್ದು 'ನನಗೆ ಈ ಕೆಲಸದಲ್ಲಿ ಆಸಕ್ತಿ ಇದೆ' ಅಂತ. ಎದುರಿಗೆ ಕೂತವರಿಗೆ ಕೇಳಿದ್ದು 'ನಾನು ಬಹಳ ಸ್ವಾರಸ್ಯದ ಮನುಷ್ಯ' ಅಂತ. ಶಿವಮೊಗ್ಗದ ಕೋಚಿಂಗ್ ಕ್ಲಾಸಾಗಲಿ, ತೀರ್ಥಹಳ್ಳಿಯ ಶಾಲೆಯಾಗಲಿ, ಇದನ್ನು ಕೆಂಪು ಇಂಕಿನಲ್ಲಿ ಹೊಡೆದು 'ಇಂಟರೆಸ್ಟೆಡ್' ಎಂದು ತಿದ್ದಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಯಾಕೆ ಅಂತ ಹೇಳುವವರು ಕಮ್ಮಿ. ಹಾಗಾಗಿ ಹುಡುಗ ಅದೊಂದು ಪದವನ್ನು ಬಾಯಿಪಾಠ ಮಾಡಿಕೊಂಡು, ಮಾರನೇ ದಿನ ಸ್ನೇಹಿತನಿಗೆ 'ಐ ಆಮ್ ಬೋರಿಂಗ್' ಎಂದು ಮೆಸೇಜ್ ಹಾಕುತ್ತಾನೆ.

ಇದಕ್ಕೆ ಕಾರಣ ದಡ್ಡತನ ಅಲ್ಲ, ಕನ್ನಡ. ನಮ್ಮಲ್ಲಿ ಮನಸ್ಸಿನ ಸಂಗತಿಗಳು ಎಲ್ಲಿಂದಲೋ ಬಂದು ನಮಗೆ ಆಗುತ್ತವೆ. ಸಿಟ್ಟು ಬರುತ್ತದೆ, ಬೇಜಾರಾಗುತ್ತದೆ, ನಾಚಿಕೆಯಾಗುತ್ತದೆ, ಆಶ್ಚರ್ಯವಾಗುತ್ತದೆ, ಎಲ್ಲವೂ 'ನನಗೆ'. ಚತುರ್ಥಿ ವಿಭಕ್ತಿಯ ಒಂದು 'ಗೆ' ಹಚ್ಚಿದರೆ ಅನುಭವಿಸಿದವರು ಯಾರು ಅನ್ನುವುದು ಖಚಿತ. 'ನನಗೆ ಬೋರು' ಅಂದರೆ ಬೇಸರ ಆದದ್ದು ನನಗೆ. 'ಆ ಭಾಷಣ ಬೋರು' ಅಂದರೆ ಬೇಸರ ಹುಟ್ಟಿಸಿದ್ದು ಭಾಷಣ. ಎರಡು ಕಡೆಯೂ 'ಬೋರು' ಅನ್ನುವ ಪದ ಕೂದಲೆಳೆಯಷ್ಟೂ ಬದಲಾಗಿಲ್ಲ, ಬದಲಾಗುವ ಅಗತ್ಯವೇ ಇಲ್ಲ.

ಇಂಗ್ಲಿಷಿಗೆ ಈ 'ಗೆ' ಇಲ್ಲ. ಬೇಸರಪಟ್ಟವನನ್ನೂ ಬೇಸರ ಹುಟ್ಟಿಸಿದ್ದನ್ನೂ ಅದು ಒಂದೇ ಜಾಗದಲ್ಲಿ, ವಾಕ್ಯದ ಮುಂಭಾಗದಲ್ಲಿ, ಕರ್ತೃವಾಗಿ ನಿಲ್ಲಿಸುತ್ತದೆ. ಹಾಗಾದರೆ ಯಾವುದು ಎತ್ತಲಿಂದ ಎತ್ತ ಹೋಯಿತು ಅನ್ನುವುದನ್ನು ಎಲ್ಲಿ ತೋರಿಸಬೇಕು? ಗುಣವಾಚಕದ ಬಾಲದಲ್ಲಿ. 'ಎಡ್' ಬಾಲ ಇದ್ದರೆ ಅನುಭವಿಸಿದ್ದು, 'ಇಂಗ್' ಬಾಲ ಇದ್ದರೆ ಅನುಭವ ಕೊಟ್ಟದ್ದು. ನಾವು ನಾಮಪದಕ್ಕೆ ಹಚ್ಚುವುದನ್ನು ಅವರು ಗುಣವಾಚಕಕ್ಕೆ ಹಚ್ಚುತ್ತಾರೆ, ಅಷ್ಟೆ. ಇಂಗ್ಲಿಷಿನಲ್ಲಿ ನಾವು ತಡಕಾಡುವ ಜೋಡಿ ಪದಗಳಲ್ಲಿ ಅರ್ಧಕ್ಕರ್ಧ ಈ ಒಂದು ಮಾತಿನಿಂದಲೇ ಬಿಡಿಸಿಕೊಳ್ಳುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಆದ್ದರಿಂದ ಪರೀಕ್ಷೆ ಹೀಗೆ. ಇಂಗ್ಲಿಷ್ ವಾಕ್ಯ ಬರೆಯುವ ಮುಂಚೆ ಅದನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ಯಾವುದಕ್ಕೆ 'ಗೆ' ಅಥವಾ 'ಕ್ಕೆ' ಬಂತೋ ಅದಕ್ಕೆ 'ಎಡ್'. ಕೊಡಚಾದ್ರಿ ಹತ್ತಿ ನಮಗೆ ಸುಸ್ತಾಯಿತು: ನಾವು 'ಟೈರ್ಡ್', ಹತ್ತುವ ದಾರಿ 'ಟೈರಿಂಗ್'. ಆಗುಂಬೆಯ ಸೂರ್ಯಾಸ್ತ ನೋಡಿ ಪ್ರವಾಸಿಗಳಿಗೆ ಬೆರಗಾಯಿತು: ಅವರು 'ಅಮೇಜ್ಡ್', ಸೂರ್ಯಾಸ್ತ 'ಅಮೇಜಿಂಗ್'. ಸರ್ಕಾರಿ ಫಾರಂ ನೋಡಿ ಅಜ್ಜನಿಗೆ ಗೊಂದಲವಾಯಿತು: ಅಜ್ಜ 'ಕನ್‌ಫ್ಯೂಸ್ಡ್', ಫಾರಂ 'ಕನ್‌ಫ್ಯೂಸಿಂಗ್'. ಮನುಷ್ಯರಿಗೆ 'ಎಡ್', ವಸ್ತುಗಳಿಗೆ 'ಇಂಗ್' ಎಂದು ಕೆಲವರು ಸುಲಭ ಸೂತ್ರ ಹೇಳಿಕೊಡುತ್ತಾರೆ. ಅದನ್ನು ನಂಬಬೇಡಿ. ಗಂಟೆಗಟ್ಟಲೆ ತಮ್ಮ ಆಪರೇಷನ್ ಕಥೆ ಹೇಳುವ ನೆಂಟರು ಮನುಷ್ಯರೇ, ಆದರೂ 'ಬೋರಿಂಗ್'.

ಇನ್ನೊಂದು ವಿಷಯ. ಕನ್ನಡದಲ್ಲಿ ಇಂಥ ಬಾಲಗಳೇ ಇಲ್ಲ ಅಂತಲ್ಲ. ಸಂಸ್ಕೃತದಿಂದ ಬಂದ ಪದಗಳಲ್ಲಿ ಇವೆ, ನಾವು ದಿನಾ ಬಳಸುತ್ತಿದ್ದೇವೆ. 'ಶೋಷಕ' ಯಾರು, 'ಶೋಷಿತ' ಯಾರು ಅನ್ನುವುದರಲ್ಲಿ ಯಾವ ಕನ್ನಡಿಗನಿಗೂ ಅನುಮಾನ ಬರುವುದಿಲ್ಲ. ನೋಟ 'ಆಕರ್ಷಕ', ನೋಡಿದವನು 'ಆಕರ್ಷಿತ'. ಮಾತು 'ಪ್ರೇರಕ', ಕೇಳಿದವನು 'ಪ್ರೇರಿತ'. ಕೊನೆಯ 'ಕ' ಮಾಡುವ ಕಡೆಯದು, 'ಇತ' ಮಾಡಿಸಿಕೊಂಡ ಕಡೆಯದು. 'ಇಂಗ್' ಮತ್ತು 'ಎಡ್' ಮಾಡುವುದೂ ಇದನ್ನೇ. ಇದರ ಜೊತೆಗೆ 'ನೀಯ' ಅನ್ನುವುದನ್ನೂ ನೆನಪಿಟ್ಟುಕೊಳ್ಳಿ. ಶೋಚನೀಯ, ಗಣನೀಯ, ಮಾನನೀಯ, ಸ್ಮರಣೀಯ: ಎಲ್ಲದರಲ್ಲೂ 'ತಕ್ಕ' ಅನ್ನುವ ಅರ್ಥ ಇದೆ. ಇಂಗ್ಲಿಷಿನ 'ಏಬಲ್' ಬಾಲ ಇದೇ ಕೆಲಸದ್ದು.

ಈಗ ರಜೆ ಅರ್ಜಿಗೆ ಬನ್ನಿ. 'ರೆಸ್ಪೆಕ್ಟೆಡ್ ಸರ್' ಎಂದು ಶುರುಮಾಡುತ್ತೇವೆ. 'ಎಡ್' ಬಾಲ, ಅಂದರೆ ಗೌರವ ಪಡೆದವರು. ಸರಿಯಾಗಿಯೇ ಇದೆ. ಇಂಗ್ಲೆಂಡಿನವರು 'ಡಿಯರ್ ಸರ್' ಅನ್ನುತ್ತಾರೆ, ನಮ್ಮ ದೇಶದಲ್ಲಿ ಹೆಡ್‌ಮಾಸ್ಟರಿಗೆ 'ಡಿಯರ್' ಅನ್ನುವುದಕ್ಕೆ ಕೈ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಇದನ್ನು 'ರೆಸ್ಪೆಕ್ಟಬಲ್ ಸರ್' ಮಾಡಿದರೆ ಎಡವಟ್ಟು. ಅದರ ಮೂಲ ಅರ್ಥ ಗೌರವಕ್ಕೆ ತಕ್ಕ ಎಂದೇ ಆದರೂ, ಬಳಕೆಯಲ್ಲಿ 'ಮರ್ಯಾದಸ್ಥ', 'ಪರವಾಗಿಲ್ಲ ಅನ್ನುವಷ್ಟಿದೆ' ಎಂದಾಗಿದೆ. ರೆಸ್ಪೆಕ್ಟಬಲ್ ಮಾರ್ಕ್ಸ್ ಅಂದರೆ ರ‍್ಯಾಂಕ್ ಅಲ್ಲ, ಮನೆಯಲ್ಲಿ ಬೈಸಿಕೊಳ್ಳದಷ್ಟು ಮಾರ್ಕ್ಸು. 'ರೆಸ್ಪೆಕ್ಟ್‌ಫುಲ್' ಅಂದರೆ ಗೌರವ ತೋರಿಸುವವನು. ಅರ್ಜಿ ಕೊಡಲು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದವನು ರೆಸ್ಪೆಕ್ಟ್‌ಫುಲ್, ಒಳಗೆ ಕುರ್ಚಿಯಲ್ಲಿ ಕೂತವರು ರೆಸ್ಪೆಕ್ಟೆಡ್. 'ರೆಸ್ಪೆಕ್ಟಿವ್' ಮಾತ್ರ ಈ ಸಂಸಾರದಲ್ಲಿದ್ದೂ ಗೌರವದ ಗೋಜಿಗೆ ಹೋಗದ್ದು. ಅದು ನಮ್ಮ 'ತಂತಮ್ಮ', 'ಆಯಾ'. ಮಕ್ಕಳು ತಂತಮ್ಮ ಕ್ಲಾಸಿಗೆ ಹೋದರು.

ಹೀಗೇ 'ಕನ್ಸಿಡರಬಲ್' ನಮ್ಮ 'ಗಣನೀಯ', ಪದ ಕಟ್ಟಿದ ರೀತಿಯೂ ಅದೇ. 'ಕನ್ಸಿಡರೇಟ್' ಅಂದರೆ ಇನ್ನೊಬ್ಬರ ಕಷ್ಟ ಯೋಚಿಸುವವನು. 'ಇಮ್ಯಾಜಿನರಿ' ಕಾಲ್ಪನಿಕ, 'ಇಮ್ಯಾಜಿನೇಟಿವ್' ಕಲ್ಪನಾಶೀಲ. ಮೊದಲನೆಯದು ಕಲ್ಪಿಸಿದ್ದಕ್ಕೆ, ಎರಡನೆಯದು ಕಲ್ಪಿಸುವವನಿಗೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಭದ್ರಾವತಿ 'ಇಂಡಸ್ಟ್ರಿಯಲ್ ಟೌನ್' ಆಯಿತು. ಅಲ್ಲಿ ಕುಲುಮೆಯ ಮುಂದೆ ಬೆವರು ಸುರಿಸಿದವರು 'ಇಂಡಸ್ಟ್ರಿಯಸ್', ಕಷ್ಟಜೀವಿಗಳು. ಕೋರ್ಟಿನದ್ದು 'ಜುಡಿಷಿಯಲ್', ವಿವೇಚನೆಯದ್ದು 'ಜುಡಿಷಿಯಸ್'.

'ಡಿಸ್‌ಇಂಟರೆಸ್ಟೆಡ್' ಮತ್ತು 'ಅನ್‌ಇಂಟರೆಸ್ಟೆಡ್' ಹತ್ತಿರ ಸ್ವಲ್ಪ ನಿಲ್ಲಬೇಕು. ಇಲ್ಲಿ ಬಾಲ ಎರಡಕ್ಕೂ ಒಂದೇ, ತಲೆ ಬೇರೆ. 'ಇಂಟರೆಸ್ಟ್'ಗೆ ಇಂಗ್ಲಿಷಿನಲ್ಲಿ ಎರಡು ಮುಖ ಇವೆ: ಕುತೂಹಲದ ಆಸಕ್ತಿ ಒಂದು, ಲಾಭನಷ್ಟದ ಹಿತಾಸಕ್ತಿ ಇನ್ನೊಂದು. ಅಕ್ಕಪಕ್ಕದ ಎರಡು ಅಡಿಕೆ ತೋಟದವರಿಗೆ ಬೇಲಿ ಜಗಳ ಬಂತು ಅನ್ನಿ. ಪಂಚಾಯ್ತಿಗೆ ಕರೆಸಿದವರು ಎರಡೂ ಕಡೆಗೆ ನೆಂಟರಲ್ಲ, ಸಾಲ ಕೊಟ್ಟವರಲ್ಲ, ಆ ಜಾಗದ ಮೇಲೆ ಕಣ್ಣಿಟ್ಟವರೂ ಅಲ್ಲ. ಅವರು 'ಡಿಸ್‌ಇಂಟರೆಸ್ಟೆಡ್', ಹಿತಾಸಕ್ತಿ ಇಲ್ಲದವರು. ಅವರೇ ಅಳತೆ ನಡೆಯುವಾಗ ಆಕಳಿಸುತ್ತಾ ಮೊಬೈಲ್ ನೋಡುತ್ತ ಕೂತರೆ 'ಅನ್‌ಇಂಟರೆಸ್ಟೆಡ್'. ನ್ಯಾಯ ಹೇಳುವವರು ಮೊದಲನೆಯದಾಗಿರಬೇಕು, ಎರಡನೆಯದಾಗಿರಬಾರದು. ಇಂಗ್ಲಿಷ್ ಮನೆಮಾತಿನವರೇ ಎಷ್ಟೋ ಜನ ಇವೆರಡನ್ನು ಕಲಸಿಬಿಡುತ್ತಾರೆ, ಚರಿತ್ರೆಯಲ್ಲಿಯೂ ಎರಡರ ಅರ್ಥಗಳು ಅತ್ತಿತ್ತ ಓಡಾಡಿವೆ. ಆದರೂ ಬರವಣಿಗೆಯಲ್ಲಿ ಈ ಭೇದ ಉಳಿಸಿಕೊಳ್ಳುವುದು ಒಳ್ಳೆಯದು. 'ನಿಷ್ಪಕ್ಷಪಾತಿ' ಅನ್ನುವುದಕ್ಕೆ ಇಷ್ಟು ಚೊಕ್ಕ ಪದ ಕಳೆದುಕೊಳ್ಳುವುದು ನಷ್ಟ.

ದಿಕ್ಕಿನ ಮಾತು ಬಾಲಕ್ಕೇ ಸೀಮಿತ ಅಲ್ಲ. ಆಗುಂಬೆ ಕಾಳಿಂಗ ಸರ್ಪಕ್ಕೆ ಹೆಸರಾದ ಊರು. ಹಾವುಗಳ ತಜ್ಞ ರಾಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದ ಮೇಲೆ ಕ್ಯಾಮೆರಾ ಹಿಡಿದು ಬರುವವರೂ ಹೆಚ್ಚಾದರು. ಅವರಿಗೆ ದಾರಿ ತೋರಿಸುವ ನಮ್ಮ ಹುಡುಗರು 'ಪಾಯ್ಸನಸ್ ಸ್ನೇಕ್ ಸರ್' ಅನ್ನುತ್ತಾರೆ. ಕನ್ನಡದಲ್ಲಿ ಹಾವೂ ವಿಷ, ಕಾಡಿನ ಕೆಲವು ಅಣಬೆಯೂ ವಿಷ, ಕಾಸರಕನ ಬೀಜವೂ ವಿಷ. ಇಂಗ್ಲಿಷಿನಲ್ಲಿ ಅದು ನಿಮ್ಮನ್ನು ಕಚ್ಚಿ ಅಥವಾ ಚುಚ್ಚಿ ವಿಷ ಏರಿಸಿದರೆ 'ವೆನಮಸ್', ನೀವು ಅದನ್ನು ತಿಂದು ವಿಷ ಏರಿದರೆ 'ಪಾಯ್ಸನಸ್'. ಕಾಳಿಂಗ ವೆನಮಸ್, ಅಣಬೆ ಪಾಯ್ಸನಸ್. ಪ್ರಾಣಿಶಾಸ್ತ್ರದವರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಉಳಿದವರು ಬಾಯಿಮಾತಿನಲ್ಲಿ ಹಾವನ್ನೂ ಪಾಯ್ಸನಸ್ ಅಂದರೆ ಸುಮ್ಮನಿರುತ್ತಾರೆ.

ಮಳೆಯ ವಿಷಯಕ್ಕೆ ಬಂದರೆ ಮಲೆನಾಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಆದರೂ 'ಕಂಟಿನ್ಯುವಲ್' ಮತ್ತು 'ಕಂಟಿನ್ಯುವಸ್' ಅಂದಾಗ ತಡವರಿಸುತ್ತೇವೆ. ಎರಡಕ್ಕೂ ನಿಘಂಟು ನೋಡಿದರೆ 'ನಿರಂತರ' ಅಂತಲೇ ಸಿಗುತ್ತದೆ, ಏನೂ ಉಪಯೋಗವಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಯ ಕಡೆ ಪುನರ್ವಸು, ಪುಷ್ಯದಲ್ಲಿ ಹನಿ ಕಡಿಯದ ಹಾಗೆ ಹಗಲೂ ರಾತ್ರಿ ಹೊಯ್ಯುವ ಜಡಿಮಳೆ 'ಕಂಟಿನ್ಯುವಸ್'. ಒಂದು ಹೊಡೆತ ಹೊಡೆದು, ಸ್ವಲ್ಪ ಹೊಳವಾಗಿ, ಕೊಡೆ ಮಡಿಸುವಷ್ಟರಲ್ಲಿ ಮತ್ತೆ ಬಂದು, ದಿನವಿಡೀ ಅದೇ ಆಟ ಆಡುವ ಮಳೆ 'ಕಂಟಿನ್ಯುವಲ್'. ಅಡಿಕೆ ಬೆಳೆಗಾರರಿಗೆ ಈ ವ್ಯತ್ಯಾಸ ಬರೀ ವ್ಯಾಕರಣದ್ದಲ್ಲ. ಕಂಟಿನ್ಯುವಲ್ ಮಳೆಯಲ್ಲಿ ಹೊಳವು ನೋಡಿಕೊಂಡು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬಹುದು. ಕಂಟಿನ್ಯುವಸ್ ಆದರೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನೂ ಮನೆಯಲ್ಲಿ, ಮದ್ದೂ ಮನೆಯಲ್ಲಿ, ಕೊಳೆ ಮಾತ್ರ ತೋಟದಲ್ಲಿ. ಫೋನ್ ಬಂದು ಬಂದು ಕೆಲಸ ಕೆಡಿಸಿದರೆ ಅದು ಕಂಟಿನ್ಯುವಲ್ ಕಾಟ; ಕಾಗದದ ಮೇಲೆ ಪೆನ್ಸಿಲ್ ಎತ್ತದೆ ಎಳೆದ ಗೆರೆ ಕಂಟಿನ್ಯುವಸ್, ಕಂಟಿನ್ಯುವಲ್ ಎಂದೂ ಅಲ್ಲ.

'ಇಕ್', 'ಇಕಲ್' ಜೋಡಿಗಳಲ್ಲಿ ಮಾತ್ರ ನನ್ನ ದಿಕ್ಕಿನ ಸೂತ್ರ ಕೈಕೊಡುತ್ತದೆ. ಇಲ್ಲಿ ನಿಯಮ ಇಲ್ಲ. ಒಂದೊಂದು ಜೋಡಿಯೂ ತನ್ನದೇ ದಾರಿ ಹಿಡಿದಿದೆ. 'ಹಿಸ್ಟಾರಿಕಲ್' ಅಂದರೆ ಚರಿತ್ರೆಗೆ ಸಂಬಂಧಿಸಿದ್ದು, ಸಣ್ಣದಿರಲಿ ದೊಡ್ಡದಿರಲಿ. ಕೆಳದಿಯ ಮ್ಯೂಸಿಯಂನಲ್ಲಿರುವ ತಾಳೆಗರಿಗಳೆಲ್ಲ ಹಿಸ್ಟಾರಿಕಲ್ ದಾಖಲೆಗಳು. 'ಹಿಸ್ಟಾರಿಕ್' ಅಂದರೆ ಚರಿತ್ರೆಯಲ್ಲಿ ಗುರುತು ಉಳಿಸಿದ್ದು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರ ಎಂದು ಸಾರಿಕೊಂಡದ್ದು ಹಿಸ್ಟಾರಿಕ್ ಘಟನೆ. ಅದಕ್ಕೆ ಮುಂದಿನ ವರ್ಷ ಐವರು ಗಲ್ಲಿಗೇರಿದರು. 1951ರ ಕಾಗೋಡು ಸತ್ಯಾಗ್ರಹವೂ ಹಿಸ್ಟಾರಿಕ್. ಈಸೂರಿನ ಬಗ್ಗೆ ಬರೆದ ಕಾದಂಬರಿ ಮಾತ್ರ ಹಿಸ್ಟಾರಿಕಲ್ ಕಾದಂಬರಿ. ಅದನ್ನೇ ಹಿಸ್ಟಾರಿಕ್ ಎಂದರೆ ಆ ಪುಸ್ತಕವೇ ಚರಿತ್ರೆ ಸೃಷ್ಟಿಸಿತು ಎಂದಾಗುತ್ತದೆ. ಲೇಖಕರಿಗೆ ಖುಷಿಯಾದೀತು, ಬಿಡಿ.

'ಎಕನಾಮಿಕ್' ಹಣಕಾಸಿನ ವ್ಯವಸ್ಥೆಗೆ ಸೇರಿದ್ದು, 'ಎಕನಾಮಿಕಲ್' ಮಿತವ್ಯಯದ್ದು. ಕೆಳದಿಯ ಶಿವಪ್ಪ ನಾಯಕ ಭೂಮಿ ಅಳೆಸಿ, ಮಣ್ಣಿನ ಗುಣ ನೋಡಿ ಕಂದಾಯ ಗೊತ್ತುಮಾಡಿದ 'ಶಿಸ್ತು' ಎಕನಾಮಿಕ್ ಸುಧಾರಣೆ. ಕಮ್ಮಿ ಸೌದೆಯಲ್ಲಿ ಅಡುಗೆ ಮುಗಿಸುವ ಅಸ್ತ್ರ ಒಲೆ ಎಕನಾಮಿಕಲ್. ಅಡಿಕೆ ಧಾರಣೆ ಬಿದ್ದರೆ ಮಲೆನಾಡಿಗೆ ಎಕನಾಮಿಕ್ ಕಷ್ಟ, ಆಗ ಮನೆಯವರೆಲ್ಲ ಎಕನಾಮಿಕಲ್ ಆಗಬೇಕು. 'ಕ್ಲಾಸಿಕಲ್' ಅಂದರೆ ಶಾಸ್ತ್ರೀಯ. 2008ರಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಕ್ಲಾಸಿಕಲ್ ಭಾಷೆಯ ಸ್ಥಾನ, ಕ್ಲಾಸಿಕ್ ಅಲ್ಲ. 'ಕ್ಲಾಸಿಕ್' ಅಂದರೆ ತನ್ನ ಜಾತಿಯಲ್ಲಿ ಮಾದರಿಯಾದದ್ದು, ಕಾಲ ಕಳೆದರೂ ಮಾಸದ್ದು. ಹಳೆಯ ಕಪ್ಪುಬಿಳುಪು ಸಿನಿಮಾ ಕ್ಲಾಸಿಕ್ ಆಗಬಹುದು, ಅದರಲ್ಲಿ ಒಂದು ಕ್ಲಾಸಿಕಲ್ ಹಾಡೂ ಇರಬಹುದು. ಇವನ್ನು ನೆನಪಿಟ್ಟುಕೊಳ್ಳಲು ಉದಾಹರಣೆಯ ಹೊರತು ಬೇರೆ ದಾರಿ ಇಲ್ಲ.

ಇನ್ನೊಂದು ಬಗೆಯ ತೊಡಕು ಕನ್ನಡದ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಹಲವು ಇರುವುದರಿಂದ ಬರುತ್ತದೆ. ನಮಗೆ ಅಡಿಕೆ ಮರವೂ ಎತ್ತರ, ಜೋಗವೂ ಎತ್ತರ, ಕೊಡಚಾದ್ರಿಯೂ ಎತ್ತರ. ಇಂಗ್ಲಿಷಿನಲ್ಲಿ ಅಗಲ ಕಮ್ಮಿಯಾಗಿ ಉದ್ದಕ್ಕೆ ಎದ್ದು ನಿಂತದ್ದು 'ಟಾಲ್': ಮನುಷ್ಯ, ಮರ, ಮೊಬೈಲ್ ಟವರ್. ಹರಡಿಕೊಂಡು ಎದ್ದದ್ದು, ಅಥವಾ ನೆಲದಿಂದ ಎಷ್ಟು ಮೇಲಿದೆ ಅನ್ನುವುದೇ ಮುಖ್ಯವಾದದ್ದು 'ಹೈ': 1,343 ಮೀಟರಿನ ಕೊಡಚಾದ್ರಿ, 253 ಮೀಟರ್ ಧುಮುಕುವ ಜೋಗ, ಹಳೆ ಮನೆಯ ಅಟ್ಟ. ಹಾಗೇ 'ಜೋರು' ಕೂಡ. ಜೋರು ಮಳೆ 'ಹೆವಿ', ಜೋರು ಗಾಳಿ 'ಸ್ಟ್ರಾಂಗ್', ಜೋರು ದನಿ 'ಲೌಡ್'. ಇದರಲ್ಲಿ ತರ್ಕ ಹುಡುಕಿ ಪ್ರಯೋಜನವಿಲ್ಲ. ಯಾವ ನಾಮಪದದ ಪಕ್ಕ ಯಾವ ಗುಣವಾಚಕ ಕೂರುತ್ತದೆ ಎಂದು ಜೊತೆಯಾಗಿಯೇ ಕಲಿಯಬೇಕು. ಒಳ್ಳೆಯ ನಿಘಂಟು ತೆಗೆದರೆ ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯ ಓದಿ ಎನ್ನುವುದು ಇದಕ್ಕೇ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈಗ ಮನೆಗೊಂದು ಹೋಮ್‌ಸ್ಟೇ ಅನ್ನುವ ಹಾಗಾಗಿದೆ. ಇಂಟರ್ನೆಟ್ಟಿನಲ್ಲಿ ಅದರ ವರ್ಣನೆ ಬರೆಯುವವರಿಗೆ ಮೂರು ಪದ ಹೇಳಬೇಕು. ಕಾಡು 'ಲಕ್ಷುರಿಯಂಟ್', ಅಂದರೆ ಹುಲುಸಾಗಿ ಬೆಳೆದದ್ದು; ರೂಮು 'ಲಕ್ಷುರಿಯಸ್', ಅಂದರೆ ಐಷಾರಾಮಿ. ಇವನ್ನು ಅದಲುಬದಲು ಮಾಡಿದರೆ ರೂಮಿನೊಳಗೆ ಗಿಡಗಂಟಿ ಬೆಳೆದಿದೆ ಎಂದಾಗುತ್ತದೆ (ಮಳೆಗಾಲದಲ್ಲಿ ನಮ್ಮ ಗೋಡೆಗಳ ಪಾಚಿ ನೋಡಿದರೆ ಅದೂ ಪೂರ್ತಿ ಸುಳ್ಳಲ್ಲ). ಎರಡನೆಯದು 'ಹೋಮ್ಲಿ'. ನಮ್ಮಲ್ಲಿ ಹೋಮ್ಲಿ ಫುಡ್ ಅಂದರೆ ಮನೆ ಊಟ, ಮದುವೆ ಜಾಹೀರಾತಿನಲ್ಲಿ ಹೋಮ್ಲಿ ಅಂದರೆ ಗೃಹಿಣಿಯ ಗುಣವುಳ್ಳವಳು. ಬ್ರಿಟಿಷರಿಗೂ ಇದು ಹಿತವಾದ, ಸರಳವಾದ ಅನ್ನುವ ಪದವೇ. ಅಮೆರಿಕದವರಿಗೆ ಮಾತ್ರ ಮನುಷ್ಯರನ್ನು ಹೋಮ್ಲಿ ಅಂದರೆ 'ನೋಡಲು ಅಷ್ಟಕ್ಕಷ್ಟೆ' ಎಂದರ್ಥ. ಆದ್ದರಿಂದ ಊಟಕ್ಕೆ 'ಹೋಮ್‌ಕುಕ್ಡ್' ಎಂದು ಬರೆಯಿರಿ. ಮನೆಯ ಯಜಮಾನತಿಯನ್ನು ಹೋಮ್ಲಿ ಎಂದು ಪರಿಚಯಿಸಲೇಬೇಡಿ. ಮೂರನೆಯದು 'ಸೆನ್ಸಿಟಿವ್'. ಪಶ್ಚಿಮ ಘಟ್ಟದ ಬಗೆಗಿನ 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ ಬಂದಾಗಿನಿಂದ 'ಇಕೋ ಸೆನ್ಸಿಟಿವ್' ಪದ ಹಳ್ಳಿಯ ಚಹಾ ಅಂಗಡಿಗೂ ತಲುಪಿದೆ: ಪರಿಸರ ಸೂಕ್ಷ್ಮ ಪ್ರದೇಶ, ಬೇಗ ಪೆಟ್ಟಾಗುವಂಥದ್ದು. 'ಸೆನ್ಸಿಬಲ್' ಬೇರೆ, ಅದು ವಿವೇಕದ್ದು. ಬೇಗ ಅಳುವ ಮಗು ಸೆನ್ಸಿಟಿವ್, ಮಳೆ ನೋಡಿ ಕೊಡೆ ತೆಗೆದುಕೊಂಡು ಹೊರಟ ಮಗು ಸೆನ್ಸಿಬಲ್. ವರದಿಗಳ ಪರವಾಗಿ, ವಿರುದ್ಧವಾಗಿ ಜಗಳ ಆಡುವವರೆಲ್ಲ ಕಾಡು ಸೆನ್ಸಿಟಿವ್ ಹೌದೋ ಅಲ್ಲವೋ ಎಂದು ಜಗಳವಾಡುತ್ತಿದ್ದಾರೆ; ಸೆನ್ಸಿಬಲ್ ಯಾರು ಅನ್ನುವುದನ್ನು ಅವರವರಿಗೇ ಬಿಡೋಣ.

'ಫ್ಯೂ' ಮತ್ತು 'ಅ ಫ್ಯೂ' ನಡುವೆ ಇರುವುದು ಒಂದೇ ಒಂದು 'ಅ', ಆದರೆ ಅರ್ಥ ಉಲ್ಟಾ. ನಮ್ಮ 'ಉಂಟು', 'ಇಲ್ಲ' ಇಟ್ಟುಕೊಂಡು ನೋಡಿ. ಮಾತು 'ಉಂಟು' ಕಡೆ ವಾಲಿದರೆ 'ಅ ಫ್ಯೂ': ನಾಲ್ಕು ಜನ ಗೆಸ್ಟ್ ಬಂದಿದ್ದಾರೆ, ಪರವಾಗಿಲ್ಲ. 'ಇಲ್ಲ' ಕಡೆ ವಾಲಿದರೆ ಬರೀ 'ಫ್ಯೂ': ಈ ಸಲ ಗೆಸ್ಟೇ ಇಲ್ಲ ಮಾರಾಯ, ಎಲ್ಲೋ ನಾಲ್ಕು ಜನ. ಸಂಖ್ಯೆ ಎರಡರಲ್ಲೂ ನಾಲ್ಕೇ, ಬೇರೆಯಾದದ್ದು ಹೇಳುವವನ ಮುಖ. ಎಣಿಸಲಾಗದ್ದಕ್ಕೆ ಇದೇ ರೀತಿ 'ಲಿಟ್ಲ್' ಮತ್ತು 'ಅ ಲಿಟ್ಲ್'. ಡಬ್ಬಿಯಲ್ಲಿ ಅ ಲಿಟ್ಲ್ ಕಾಫಿಪುಡಿ ಇದ್ದರೆ ಬಂದವರಿಗೆ ಕಾಫಿ ಆಗುತ್ತದೆ. ಲಿಟ್ಲ್ ಇದ್ದರೆ ಕಷಾಯ.

'ಎಲ್ಡರ್' ಮತ್ತು 'ಓಲ್ಡರ್' ಸುಲಭ. ಎಲ್ಡರ್ ಮನೆಯೊಳಗಿನದು, ಅಣ್ಣ ಅಕ್ಕಂದಿರಿಗೆ. ನಾಮಪದಕ್ಕಿಂತ ಮೊದಲು ಕೂರುತ್ತದೆ, 'ದ್ಯಾನ್' ಜೊತೆ ಸೇರುವುದಿಲ್ಲ. 'ಮೈ ಎಲ್ಡರ್ ಬ್ರದರ್' ಸರಿ. 'ಅವನು ನನಗಿಂತ ದೊಡ್ಡವನು' ಅನ್ನಬೇಕಾದರೆ 'ಓಲ್ಡರ್ ದ್ಯಾನ್ ಮಿ'. ನಮ್ಮವರು 'ಎಲ್ಡರ್ ಟು ಮಿ' ಅನ್ನುವುದು 'ಸೀನಿಯರ್ ಟು ಮಿ' ಅನ್ನುವುದರ ಪ್ರಭಾವ ಇರಬೇಕು. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಲ್ಯಾಟಿನ್ನಿನಿಂದ ಬಂದವು, ಅವಕ್ಕೆ 'ಟು' ಬೇಕು, 'ದ್ಯಾನ್' ಆಗದು. ಎಲ್ಡರ್ ಅಚ್ಚ ಇಂಗ್ಲಿಷ್ ಮೂಲದ್ದು, ಆ ಗುಂಪಿಗೆ ಸೇರಿದ್ದಲ್ಲ.

'ಲಾಸ್ಟ್' ಮತ್ತು 'ಲೇಟೆಸ್ಟ್' ವಿಷಯದಲ್ಲಿ ಪುಸ್ತಕ ಬಿಡುಗಡೆಯ ನಿರೂಪಕರು ಎಚ್ಚರದಿಂದಿರಬೇಕು. ಲೇಟೆಸ್ಟ್ ಅಂದರೆ ಇತ್ತೀಚಿನದು, ಮುಂದೆ ಇನ್ನೂ ಬರಬಹುದು. ಲಾಸ್ಟ್ ಅಂದರೆ ಕೊನೆಯದು, ಆಮೇಲೆ ಬಾಗಿಲು ಹಾಕಿದೆ. ವೇದಿಕೆಯ ಮೇಲೆ ಗಟ್ಟಿಮುಟ್ಟಾಗಿ ಕೂತು ಬೋಂಡ ತಿನ್ನುತ್ತಿರುವ ಸಾಹಿತಿಯ ಹೊಸ ಸಂಕಲನವನ್ನು 'ಹಿಸ್ ಲಾಸ್ಟ್ ಬುಕ್' ಎಂದು ಪರಿಚಯಿಸಿದರೆ, ಅವರು ಬೋಂಡ ಕೆಳಗಿಟ್ಟು ಒಂದು ಸಲ ನಿಮ್ಮನ್ನು ನೋಡುತ್ತಾರೆ.